ಹೊಸ ಪ್ಲಗ್ ಪಾಯಿಂಟಿಗೊಂದು ಕಾಗದ ಇರಲಿ

ಮನೆಯ ಗೋಡೆಗೆ ಹೊಸದಾಗಿ ಒಂದು ಪ್ಲಗ್ ಪಾಯಿಂಟ್ ಹಾಕಿಸುವುದನ್ನು ನಮ್ಮಲ್ಲಿ ಹೆಚ್ಚಿನವರು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫ್ಯಾನ್ ರಿಪೇರಿಗೋ ಟ್ಯೂಬ್‌ಲೈಟ್ ಬದಲಿಸಲಿಕ್ಕೋ ಬಂದವನು ಕೆಲಸ ಮುಗಿಸಿ ಚೀಲ ಹೆಗಲಿಗೇರಿಸುವ ಹೊತ್ತಿಗೆ, "ಅಣ್ಣಾ, ಹೇಗೂ ಬಂದಿದ್ದೀರಲ್ಲ, ಈ ಬೋರ್ಡಿನಿಂದಲೇ ಲೈನ್ ಎಳೆದು ಅಲ್ಲೊಂದು ಪಾಯಿಂಟ್ ಕೊಟ್ಟು ಹೋಗಿ" ಎನ್ನುತ್ತಾರೆ. ಕಾಸರಗೋಡಿನ ವಿದ್ಯಾನಗರದ ಆಸುಪಾಸಿನಲ್ಲಿ ವಯರಿಂಗ್ ಕೆಲಸ ಮಾಡಿಕೊಂಡೇ ಸಂಸಾರ ಸಾಗಿಸಿದ ನಾನು ಸದಾ ಕೇಳುವ ಮಾತು ಇದು. ಕೇಳುವವರ ಅಗತ್ಯ ನಿಜವಾದದ್ದೇ. ಆದರೆ ಆ ಬೋರ್ಡಿಗೆ ಲೈನು ಎಲ್ಲಿಂದ ಬಂದಿದೆ, ಅದು ಎಷ್ಟು ಲೋಡು ಹೊರುತ್ತದೆ, ಅಲ್ಲಿ ಅರ್ಥ್ ಇದೆಯೇ ಇಲ್ಲವೇ ಎಂದು ನೋಡದೆ ಕೊಟ್ಟ ಪಾಯಿಂಟು ಒಂದಲ್ಲ ಒಂದು ದಿನ ಆ ಮನೆಯವರ ಜೀವಕ್ಕೇ ಕುತ್ತು ತರಬಹುದು.

ಅದಕ್ಕೇ ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ವಯರಿಂಗಿನಿಂದ ಹೊಸ ಪಾಯಿಂಟ್ ತೆಗೆದಾಗಲೆಲ್ಲ ಅದನ್ನು ಬರೆದಿಡಬೇಕು. ಪ್ರತಿ ಮನೆಯ ಮೆಯಿನ್ ಬೋರ್ಡಿನ ಬಾಗಿಲ ಒಳಬದಿಯಲ್ಲಿ ಆ ಮನೆಯ ಲೈನುಗಳ ಒಂದು ನಕ್ಷೆ ಅಂಟಿಸಿರಬೇಕು, ಮನೆಯವರು ಓದುವ ಭಾಷೆಯಲ್ಲೇ ಇರಬೇಕು. ಒಂದು ಹಾಳೆಯ ಕೆಲಸ ಇದು. ಈ ಒಂದು ಹಾಳೆ ಇಲ್ಲದ್ದರಿಂದ ಆಗುವ ಅನಾಹುತಕ್ಕೆ ಮಾತ್ರ ಮಿತಿಯಿಲ್ಲ.

ನಾನು ಕೆಲಸ ಕಲಿತದ್ದು ವಿದ್ಯಾನಗರದ ಸರಕಾರಿ ಐ.ಟಿ.ಐ.ಯಲ್ಲಿ. ಅಣಂಗೂರು, ನುಳ್ಳಿಪ್ಪಾಡಿ, ನಾಯಮ್ಮಾರಮೂಲೆ, ಚೆರ್ಕಳ, ಉಳಿಯತ್ತಡ್ಕ, ಮಧೂರು ಕಡೆಯ ಮನೆಗಳ ಗೋಡೆಯೊಳಗೆ ಏನೇನಿದೆ ಎಂಬುದನ್ನು ಕೈಯಾರೆ ಬಿಚ್ಚಿ ನೋಡಿದ್ದೇನೆ. 1957ರಲ್ಲಿ ಇಲ್ಲಿನ ಸರಕಾರಿ ಕಾಲೇಜು ಹುಟ್ಟಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು, ವಿದ್ಯಾನಗರಕ್ಕೆ ಕಲೆಕ್ಟರೇಟ್ ಬಂತು. ಮುರಕಲ್ಲಿನ ಗುಡ್ಡದ ಮೇಲೆ ಅಧ್ಯಾಪಕರದ್ದು, ಗುಮಾಸ್ತರದ್ದು, ಗಲ್ಫಿಗೆ ಹೋದವರದ್ದು ಎಂದು ಒಂದೊಂದಾಗಿ ಮನೆಗಳೆದ್ದವು. ಹಳೆಯ ಮನೆಗಳಲ್ಲಿ ಮರದ ರೀಪಿನ ಮೇಲೆ ಕ್ಲಿಪ್ ಹೊಡೆದು ಎಳೆದ ವಯರು. ಆಮೇಲಿನವುಗಳಲ್ಲಿ ಗೋಡೆ ಕೊರೆದು ಹುಗಿದ ಪೈಪು. ಆಗಿನ ಲೆಕ್ಕ ಸರಳ. ಕೋಣೆಗೊಂದು ಲೈಟು, ಒಂದು ಫ್ಯಾನು, ರೇಡಿಯೋಗೋ ಇಸ್ತ್ರಿಪೆಟ್ಟಿಗೆಗೋ ಒಂದು 5 ಆಂಪಿಯರಿನ ಪ್ಲಗ್ಗು. ಅಡುಗೆಮನೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿದ್ದಾಗ ಅಲ್ಲಿ ಕರೆಂಟು ಬೇಕಾದದ್ದು ಒಂದು ಬಲ್ಬಿಗೆ ಮಾತ್ರ.

ಅದೇ ಅಡುಗೆಮನೆಗೆ ಮಿಕ್ಸಿ ಬಂತು, ಗ್ರೈಂಡರ್ ಬಂತು, ಫ್ರಿಜ್ ಬಂತು. ಈಗ ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಓವನ್. ಹಿತ್ತಿಲಲ್ಲಿ ವಾಷಿಂಗ್ ಮೆಷಿನ್, ಮೂಲೆಯಲ್ಲಿ ಇನ್ವರ್ಟರ್, ಮಾಡಿನಡಿಯಲ್ಲಿ ಕ್ಯಾಮರಾ, ಸಿಟ್‌ಔಟಿನಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟ ಎಲೆಕ್ಟ್ರಿಕ್ ಸ್ಕೂಟರ್. ಪ್ರತಿಯೊಂದು ಬಂದಾಗಲೂ ಹತ್ತಿರದ ಬೋರ್ಡಿನಿಂದ ಒಂದು ಲೈನು. ಮನೆಯೊಳಗಿನ ಬದುಕು ಪೂರಾ ಬದಲಾದರೂ ಅದನ್ನು ಹೊರುತ್ತಿರುವುದು ಅಜ್ಜನ ಕಾಲದ ವಯರೇ.

ವಯರು ಹೊರುವುದು ಎಷ್ಟು?

ಕಲಿಯುವಾಗ ನಮಗೆ ಬಾಯಿಪಾಠ ಮಾಡಿಸಿದ ಲೆಕ್ಕ ಒಂದಿದೆ. ಲೈಟು, ಫ್ಯಾನು, ಸಣ್ಣ ಪ್ಲಗ್ಗು ಸೇರಿದ ಒಂದು ಸರ್ಕ್ಯೂಟಿನಲ್ಲಿ ಹತ್ತಕ್ಕಿಂತ ಹೆಚ್ಚು ಪಾಯಿಂಟ್ ಇರಬಾರದು. ಒಟ್ಟು ಲೋಡು 800 ವ್ಯಾಟ್ ದಾಟಬಾರದು. ಪವರ್ ಪ್ಲಗ್ಗಿನ ಲೈನೇ ಬೇರೆ. ಒಂದು ಲೈನಿನಲ್ಲಿ ಎರಡಕ್ಕಿಂತ ಹೆಚ್ಚು ಪವರ್ ಪ್ಲಗ್ಗು ಬೇಡ. ಲೈಟಿನ ಲೈನಿಗೆ 1.5 ಚದರ ಮಿ.ಮೀ. ತಾಮ್ರದ ವಯರು, 16 ಆಂಪಿಯರಿನ ಪ್ಲಗ್ಗಿಗೆ 2.5, ಎ.ಸಿ.ಯಂಥ ದೊಡ್ಡ ಲೋಡಿಗೆ 4. ಹಿಂದಿನವರು ಸುಮ್ಮನೆ ಬರೆದಿಟ್ಟ ಅಂಕಿಗಳಲ್ಲ ಇವು. ಒಂದೊಂದರ ಹಿಂದೆಯೂ ವಯರಿನ ಬಿಸಿಯ ಲೆಕ್ಕವಿದೆ.

ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಗಣಿತ ಹೇಳುತ್ತೇನೆ. ನಮ್ಮ ಮನೆಗೆ ಬರುವುದು 230 ವೋಲ್ಟ್. 6 ಆಂಪಿಯರಿನ ಸಣ್ಣ ಪ್ಲಗ್ಗಿನಲ್ಲಿ ತೆಗೆಯಬಹುದಾದ ಗರಿಷ್ಠ ಲೋಡು 230ನ್ನು 6ರಿಂದ ಗುಣಿಸಿದಷ್ಟು, ಅಂದರೆ 1380 ವ್ಯಾಟ್. 2000 ವ್ಯಾಟಿನ ಇಂಡಕ್ಷನ್ ಒಲೆ ಎಳೆಯುವುದು 8.7 ಆಂಪಿಯರ್. 1500 ವ್ಯಾಟಿನ ಕೆಟಲ್ ಎಳೆಯುವುದು 6.5 ಆಂಪಿಯರ್. ಇವುಗಳ ಜತೆ ಬರುವ ದಪ್ಪ ಪಿನ್ನಿನ ಪ್ಲಗ್ಗು ಸಣ್ಣ ಸಾಕೆಟ್ಟಿಗೆ ಹೋಗದ ಹಾಗೆ ಮಾಡಿಟ್ಟಿರುವುದೇ ಈ ಕಾರಣಕ್ಕೆ. ಆದರೆ ಅಂಗಡಿಯಲ್ಲಿ ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರ್ ಪ್ಲಗ್ಗು ಸಿಗುತ್ತದೆ. ಅದನ್ನು ತಂದು ಚುಚ್ಚಿದಾಗ ಆ ಕಾವಲು ಮುಗಿಯಿತು. ಒಲೆ ಉರಿಯುತ್ತದೆ, ಅನ್ನ ಬೇಯುತ್ತದೆ. ಅದರ ಜತೆಗೆ ಗೋಡೆಯೊಳಗಿನ ವಯರೂ ಬೇಯುತ್ತದೆ.

ಅಡಕೆ ತೋಟದಲ್ಲಿ ಒಂದೇ ಪೈಪಿಗೆ ಜೆಟ್ ಮೇಲೆ ಜೆಟ್ ಕೂಡಿಸಿದರೆ ನೀರು ಹಾರುವುದು ಕಡಿಮೆಯಾಗಿ ತೋಟದ ಯಜಮಾನನಿಗೆ ಕೂಡಲೇ ಗೊತ್ತಾಗುತ್ತದೆ. ವಯರು ಹಾಗೆ ಸೂಚನೆ ಕೊಡುವುದಿಲ್ಲ. ಕೇಳಿದಷ್ಟು ಕರೆಂಟನ್ನು ಕೊಡುತ್ತಲೇ ಹೋಗಿ ಒಳಗೊಳಗೇ ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಸಾಮಾನ್ಯ ಪಿ.ವಿ.ಸಿ. ವಯರಿನ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್ ವರೆಗೆ. ಅದರಾಚೆ ಹೊದಿಕೆ ಮೊದಲು ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಗಡುಸಾಗಿ ಬಿರಿಯುತ್ತದೆ.

"ಎಂ.ಸಿ.ಬಿ. ಇದೆಯಲ್ಲ, ಅದು ಬೀಳುವುದಿಲ್ಲವೇ?" ಎಂದು ಕೇಳುತ್ತಾರೆ. ಬೀಳುತ್ತದೆ. ಬಿದ್ದಾಗ ನಾವು ಮಾಡುವುದೇನು? ಪದೇ ಪದೇ ಬೀಳುವ 6 ಆಂಪಿಯರಿನದನ್ನು ತೆಗೆದು 16ರದ್ದನ್ನೋ 20ರದ್ದನ್ನೋ ಹಾಕಿಸುತ್ತೇವೆ. ಹಳೆಯ ಮನೆಯಾದರೆ ಫ್ಯೂಸಿಗೆ ದಪ್ಪ ತಂತಿ ಕಟ್ಟುತ್ತೇವೆ. ಎಂ.ಸಿ.ಬಿ. ಇರುವುದು ಗೋಡೆಯೊಳಗಿನ ವಯರನ್ನು ಕಾಯಲಿಕ್ಕೆ. ವಯರು ಸಪೂರದ್ದೇ ಇಟ್ಟುಕೊಂಡು ಎಂ.ಸಿ.ಬಿ.ಯನ್ನು ಮಾತ್ರ ದೊಡ್ಡದು ಮಾಡಿದರೆ ಮೊದಲು ಸುಡುವುದು ವಯರು.

ಬೋರ್ಡಿನ ಹಿಂದೆ ಕಂಡದ್ದು

ಈ ಆಸುಪಾಸಿನದ್ದೇ ಒಂದು ಮನೆಯ ಸಂಗತಿ. ಅಡುಗೆಮನೆಯಲ್ಲಿ ಇನ್ನೊಂದು ಪಾಯಿಂಟ್ ಬೇಕೆಂದು ಕರೆದಿದ್ದರು. ಹೊರಡುವ ಮೊದಲು ಫೋನಿನಲ್ಲಿ ಮನೆಯ ಅಕ್ಕ ಸುಮ್ಮನೆ ಒಂದು ಮಾತು ಸೇರಿಸಿದರು: "ಇಂಡಕ್ಷನ್ ಹಾಕಿದಾಗ ಬೋರ್ಡಿನ ಹತ್ತಿರ ಕೆಟ್ಟ ಮೀನಿನ ಹಾಗೆ ಎಂಥದೋ ವಾಸನೆ ಬರ್ತದೆ ಮಾರಾಯ್ರೆ. ನಮ್ಮ ಮನೆಯಲ್ಲಿ ಮೀನೇ ತರುವುದಿಲ್ಲ." ಒಲೆಯನ್ನು ಮುಟ್ಟಬೇಡಿ, ನಾನು ಬರುವವರೆಗೆ ಮೆಯಿನ್ ಆಫ್ ಮಾಡಿಡಿ ಎಂದೆ. ಸಾಕೆಟ್ಟಿನ ಪ್ಲಾಸ್ಟಿಕ್ಕು, ವಯರಿನ ಹೊದಿಕೆ ಅತಿಯಾಗಿ ಕಾದಾಗ ಬರುವ ವಾಸನೆ ಅದು. ಹೊಗೆ ಬರುವುದಕ್ಕೆ ಮೊದಲು ಮನೆಯವರಿಗೆ ಸಿಗುವ ಎಚ್ಚರಿಕೆ ಅದೊಂದೇ ಇರಬಹುದು.

ಬೋರ್ಡಿನ ಸ್ಕ್ರೂಗಳಲ್ಲಿ ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಶೀಟನ್ನು ಎಬ್ಬಿಸಿ ನೋಡಿದರೆ ಸಾಕೆಟ್ಟಿನ ಬಲಬದಿ, ಫೇಸ್ ಬರುವ ಕಡೆ, ಬಿಳಿಯ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಒಂದೇ ಸ್ಕ್ರೂವಿನಡಿ ಮೂರು ವಯರು ತುರುಕಿದ್ದರು. ಅದರಲ್ಲೊಂದು ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. ಸಡಿಲವಾದ ಜಾಗದಲ್ಲೇ ಬಿಸಿ ಹುಟ್ಟುವುದು. ಕೆಂಪು ವಯರನ್ನು ಸ್ವಲ್ಪ ಬಗ್ಗಿಸಿದಾಗ ಹೊದಿಕೆ ಟಕ್ಕೆಂದು ಮುರಿದು ತಾಮ್ರ ಕಂಡಿತು. ಪೆಟ್ಟಿಗೆಯ ಮೂಲೆಯಲ್ಲಿ ಇರುವೆ ಕಟ್ಟಿದ ಮಣ್ಣು, ಅದರ ಪಕ್ಕದಲ್ಲಿ ತಿರುಚಿ ಟೇಪು ಸುತ್ತಿದ ಒಂದು ಜಾಯಿಂಟು. ಟೇಪಿನ ಗೋಂದು ಕರಗಿ ಇಳಿದಿತ್ತು.

ಆ ಲೈನನ್ನು ಹಿಡಿದು ಹಿಂದೆ ಹೋದೆ. ಅಡುಗೆಮನೆಯ ಬೋರ್ಡಿಗೆ ಫೇಸ್ ಬಂದದ್ದು ಊಟದ ಕೋಣೆಯ ಲೈಟಿನ ಸ್ವಿಚ್ಚಿನಿಂದ. ಅಲ್ಲಿಗೆ ಬಂದದ್ದು ಸಿಟ್‌ಔಟಿನ ಬೋರ್ಡಿನಿಂದ. ನ್ಯೂಟ್ರಲ್ ಮಾತ್ರ ಬೇರೆಯೇ ಕೋಣೆಯದ್ದು. ಸಾಕೆಟ್ಟಿಗೆ ತೂತು ಮೂರು, ಬಂದ ವಯರು ಎರಡು. ಅರ್ಥಿನ ತೂತಿನ ಹಿಂದೆ ಏನೂ ಇಲ್ಲ. ಅಂದರೆ ಮನೆಯ ಮುಂಭಾಗದ ಲೈಟು, ಫ್ಯಾನು, ಊಟದ ಕೋಣೆ, ಫ್ರಿಜ್, ಮಿಕ್ಸಿ, ಇಂಡಕ್ಷನ್ ಎಲ್ಲವೂ ನೇತಾಡುತ್ತಿದ್ದದ್ದು ಲೈಟಿಗೆಂದು ಎಳೆದ ಒಂದೇ ಸಪೂರ ವಯರಿನಲ್ಲಿ. "ಇದನ್ನು ಯಾರು ಹಾಕಿದ್ದು?" ಎಂದು ಕೇಳಿದೆ. "ಮಾವನವರ ಕಾಲದಲ್ಲಿ ಯಾರೋ ಬಂದು ಹಾಕಿದ್ದಂತೆ" ಎಂದರು. ಅವರಿಗಾಗಲಿ ಅವರ ಗಂಡನಿಗಾಗಲಿ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಗೊತ್ತಿರಲು ದಾರಿಯೂ ಇರಲಿಲ್ಲ, ಎಲ್ಲಿಯೂ ಯಾರೂ ಒಂದಕ್ಷರ ಬರೆದಿಟ್ಟಿರಲಿಲ್ಲ.

ಅಲ್ಲಿ ಆಗಬೇಕಾದ ಕೆಲಸ ಇಷ್ಟೇ. ಮೆಯಿನ್ ಬೋರ್ಡಿನಿಂದಲೇ ಇಂಡಕ್ಷನ್ ಒಲೆಗೆ 2.5 ಚದರ ಮಿ.ಮೀ.ಯ ಮೂರು ವಯರು: ಕೆಂಪು, ಕಪ್ಪು, ಹಸಿರು. ಅದಕ್ಕೆ ತನ್ನದೇ ಒಂದು 16 ಆಂಪಿಯರಿನ ಎಂ.ಸಿ.ಬಿ. ಮುರಕಲ್ಲಿನ ಗೋಡೆಯನ್ನು ಓರೆಯಾಗಿ ಕೊರೆಯದೆ ನೇರ ಕೆಳಗಿಳಿಸಿದ ಪೈಪು, ನಾಳೆ ಮೊಳೆ ಹೊಡೆಯುವವನಿಗೂ ಅದು ಎಲ್ಲಿದೆಯೆಂದು ಅಂದಾಜಾಗಬೇಕು. ಪೈಪಿನೊಳಗೆ ಎಲ್ಲೂ ಜಾಯಿಂಟ್ ಇಲ್ಲ. ಸಾಕೆಟ್ಟಿನ ಎದುರು ನಿಂತು ನೋಡಿದರೆ ಮೇಲೆ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ಚು ಫೇಸಿನ ದಾರಿಯಲ್ಲಿ. ಮುಗಿದ ಮೇಲೆ ಮೆಗ್ಗರ್ ಎಂಬ ಮೀಟರ್ ಇಟ್ಟು ನೋಡಿದಾಗ ಇನ್ಸುಲೇಶನ್ ಒಂದು ಮೆಗಾ ಓಮಿಗಿಂತ ಕಡಿಮೆ ಬರಬಾರದು. ಗೋಡೆ ಕೊರೆದ ಕೆಂಪು ಧೂಳು ಮನೆಯವರಿಗೆ ಕಿರಿಕಿರಿಯೇ. ಆದರೂ ಕೊರೆಯಬೇಕಾದಲ್ಲಿ ಕೊರೆಯಲೇಬೇಕು.

ಎಲ್ಲ ಪಾಯಿಂಟಿಗೂ ಹೀಗೆ ಗೋಡೆ ಒಡೆಯಬೇಕೆಂದು ನಾನು ಹೇಳುತ್ತಿಲ್ಲ. ಮೊಬೈಲ್ ಚಾರ್ಜರಿಗೆ, ವೈಫೈ ಪೆಟ್ಟಿಗೆಗೆ, ಓದುವ ಮೇಜಿನ ದೀಪಕ್ಕೆ ಹತ್ತಿರದ ಲೈಟಿನ ಬೋರ್ಡಿನಿಂದ ಪಾಯಿಂಟ್ ತೆಗೆಯಬಹುದು. ಆ ಬೋರ್ಡಿನಲ್ಲಿ ಅರ್ಥ್ ಇರಬೇಕು, ಹಳೆಯ ವಯರು ಗಟ್ಟಿಯಾಗಿರಬೇಕು, ಮೂರು ವಯರೂ ಹೊಸ ಪಾಯಿಂಟಿಗೆ ಹೋಗಬೇಕು. ಬಿಸಿ ಮಾಡುವ ಯಾವ ಸಾಮಾನಿಗಾದರೂ, ಗಂಟೆಗಟ್ಟಲೆ ಚಾರ್ಜಾಗುವ ಸ್ಕೂಟರಿಗಾದರೂ, ಮೆಯಿನ್ ಬೋರ್ಡಿನಿಂದ ಪ್ರತ್ಯೇಕ ಲೈನೇ ಆಗಬೇಕು. ಈ ಗೆರೆಯನ್ನು ವಯರ್‌ಮನ್ನೂ ದಾಟಬಾರದು, ದಾಟಲು ಮನೆಯವರೂ ಒತ್ತಾಯಿಸಬಾರದು.

ಮೂರನೆಯ ವಯರು

ನಮ್ಮ ನೆಲದ ಗುಣ ಗೊತ್ತಿರುವವರಿಗೆ ಅರ್ಥಿನ ಮಹತ್ವ ಬೇಗ ಹೊಳೆಯುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಊರು ಇದು. ಮುರಕಲ್ಲು ನೀರು ಹೀರುವ ಕಲ್ಲು. ಆಟಿ ತಿಂಗಳಲ್ಲಿ ಗೋಡೆ ಮುಟ್ಟಿದರೆ ಕೈಗೆ ತಂಪು ಹತ್ತುತ್ತದೆ. ಅದೇ ಗುಡ್ಡ ಏಪ್ರಿಲ್–ಮೇಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ಹೊಂಡದ ಸುತ್ತಲಿನ ಮಣ್ಣೂ ಒಣಗುತ್ತದೆ. ಆಗ ಅರ್ಥಿನ ತಡೆ ಏರುತ್ತದೆ.

ಅರ್ಥ್ ಹೊಂಡದ ತಡೆ 20 ಓಮ್ ಇದೆಯೆಂದು ಇಟ್ಟುಕೊಳ್ಳಿ. ಫ್ರಿಜ್ಜಿನೊಳಗೆ ವಯರಿನ ಹೊದಿಕೆ ಕಿತ್ತು ಫೇಸು ಅದರ ಮೈಗೆ ತಾಗಿತು. 230ನ್ನು 20ರಿಂದ ಭಾಗಿಸಿದರೆ 11.5. ಅಂದರೆ ಅರ್ಥಿನ ಮೂಲಕ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇದಕ್ಕೆ ಬೀಳುವುದಿಲ್ಲ. ಫ್ರಿಜ್ಜಿನ ಮೈಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ, ಒದ್ದೆ ಕಾಲಲ್ಲಿ ಬಂದು ಬಾಗಿಲು ತೆರೆಯುವವರಿಗೆ ಕಾಯುತ್ತಾ. ಅರ್ಥ್ ಇದ್ದರೂ, ಎಂ.ಸಿ.ಬಿ. ಇದ್ದರೂ ಜೀವ ಹೋಗಬಹುದು ಎಂಬುದಕ್ಕೆ ಈ ಲೆಕ್ಕ ಸಾಕು.

ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಡಾಲ್ಜೀಲ್ ಎಂಬ ಪ್ರಾಧ್ಯಾಪಕರು ತಾವಾಗಿ ಮುಂದೆ ಬಂದವರ ಮೇಲೆ ಪ್ರಯೋಗ ಮಾಡಿ, ಹಿಡಿದ ತಂತಿಯನ್ನು ಮನುಷ್ಯ ಬಿಡಲಾಗದ ಕರೆಂಟು ಎಷ್ಟು ಎಂದು ಅಳೆದರು. ಸರಾಸರಿಯಲ್ಲಿ ಗಂಡಸರಿಗೆ 16 ಮಿಲಿ ಆಂಪಿಯರ್, ಹೆಂಗಸರಿಗೆ 10.5. ಒಂದು ಆಂಪಿಯರ್ ಎಂದರೆ ಸಾವಿರ ಮಿಲಿ ಆಂಪಿಯರ್. ಮನುಷ್ಯನನ್ನು ಕೊಲ್ಲುವ ಕರೆಂಟು ಎಂ.ಸಿ.ಬಿ.ಯ ಗಮನಕ್ಕೇ ಬರದಷ್ಟು ಸಣ್ಣದು. ಆ ಸಣ್ಣ ಸೋರಿಕೆಯನ್ನು ಹಿಡಿಯಲಿಕ್ಕೆ ಇರುವುದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ.; ನಮ್ಮಲ್ಲಿ ಈಗಲೂ ಹಳೆಯ ರೂಢಿಯಲ್ಲಿ ಇ.ಎಲ್.ಸಿ.ಬಿ. ಎನ್ನುತ್ತಾರೆ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಿನಲ್ಲಿ ಮರಳದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಅದು ಲೈನು ಕಡಿಯುತ್ತದೆ. ಅದು ಇಲ್ಲದ ಮನೆಯಲ್ಲಿ ಹೊಸ ಪಾಯಿಂಟ್ ಕೇಳಿದರೆ ಮೊದಲು ಆರ್.ಸಿ.ಸಿ.ಬಿ., ಆಮೇಲೆ ಪಾಯಿಂಟ್ ಎನ್ನುವುದು ನನ್ನ ಪಟ್ಟು. ಇದ್ದ ಮನೆಯವರು ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಅರ್ಥ್ ಇಲ್ಲದ ಬೋರ್ಡಿನಲ್ಲಿ ಕೆಲವರು ಒಂದು ಉಪಾಯ ಮಾಡುತ್ತಾರೆ. ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದಲೇ ಒಂದು ತುಂಡು ವಯರನ್ನು ಅರ್ಥಿನ ಪಿನ್ನಿಗೆ ಕೂಡಿಸುವುದು. ಟೆಸ್ಟ್ ಲ್ಯಾಂಪ್ ಇಟ್ಟರೆ ಉರಿಯುತ್ತದೆ, ಅರ್ಥ್ ಬಂದಿದೆ ಎಂದು ತೋರಿಸುತ್ತದೆ. ಎಲ್ಲೋ ಹಿಂದೆ ನ್ಯೂಟ್ರಲ್ ಕಡಿದುಹೋದ ದಿನ ಸಾಮಾನಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಇದು ಕೊಲೆಗೆ ಸಮಾನವಾದ ಕೆಲಸ. ಇದಕ್ಕಿಂತ ಮೃದುವಾದ ಶಬ್ದ ನನ್ನಲ್ಲಿಲ್ಲ.

ನಮ್ಮ ಊರಿನದ್ದೇ ಆದ ಇನ್ನೊಂದು ಸಮಸ್ಯೆ ಇದೆ. ಗಲ್ಫಿನಿಂದ ಬರುವ ಸಾಮಾನಿಗೆ ಚಪ್ಪಟೆ ಮೂರು ಪಿನ್ನಿನ, 13 ಆಂಪಿಯರಿನ ಬ್ರಿಟಿಷ್ ಮಾದರಿಯ ಪ್ಲಗ್ಗಿರುತ್ತದೆ. ಆ ಪ್ಲಗ್ಗಿನ ಹೊಟ್ಟೆಯೊಳಗೆ ಅದರದ್ದೇ ಒಂದು ಫ್ಯೂಸ್ ಇದೆ. ಇಲ್ಲಿ ಅದನ್ನು ಕತ್ತರಿಸಿ ನಮ್ಮ ಪ್ಲಗ್ಗು ಹಾಕಿದಾಗ ಫ್ಯೂಸ್ ಕಸಕ್ಕೆ ಹೋಗುತ್ತದೆ. ಕತ್ತರಿಸದಿದ್ದರೆ ಎಲ್ಲ ಪಿನ್ನೂ ಹಿಡಿಯುವ ಯೂನಿವರ್ಸಲ್ ಸಾಕೆಟ್ ಬೇಕೆನ್ನುತ್ತಾರೆ. ಎಲ್ಲವನ್ನೂ ಹಿಡಿಯುವ ತೂತು ಯಾವುದನ್ನೂ ಬಿಗಿಯಾಗಿ ಹಿಡಿಯುವುದಿಲ್ಲ. ಆ ಸಾಮಾನು ಬಳಸಲೇಬೇಕೆಂದಿದ್ದರೆ ಅದಕ್ಕೆ ಸರಿಯಾದ ಸಾಕೆಟ್ಟನ್ನೇ ತರಿಸಿ, ಸರಿಯಾದ ಲೈನಿನಲ್ಲಿ ಕೂರಿಸುವುದು ಒಳ್ಳೆಯದು.

ಇನ್ವರ್ಟರ್ ಇರುವ ಮನೆಯಲ್ಲಿ ಸ್ವಂತ ಕೈಯಿಂದ ಬೋರ್ಡು ಬಿಚ್ಚುವ ಹುಡುಗರಿಗೂ ಒಂದು ಮಾತು. ಮೆಯಿನ್ ಸ್ವಿಚ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ಎಚ್ಚರಗೊಳ್ಳುತ್ತದೆ. ನೀವು ಕರೆಂಟಿಲ್ಲವೆಂದು ನಂಬಿ ಹಿಡಿಯುವ ವಯರಿನಲ್ಲಿ ಅದೇ 230 ವೋಲ್ಟ್ ಹರಿಯುತ್ತಿರಬಹುದು. ಒಂದು ಲೈನಿಗೆ ಬೇರೆ ಲೈನಿನ ನ್ಯೂಟ್ರಲ್ ಕೊಟ್ಟಿದ್ದರೆ ಎಂ.ಸಿ.ಬಿ. ಇಳಿಸಿದ ಮೇಲೂ ಆ ಕಪ್ಪು ವಯರು ಶಾಕ್ ಕೊಡಬಹುದು. ಯಾವ ಬೋರ್ಡು ಯಾವ ಲೈನಿನಲ್ಲಿದೆ ಎಂದು ಬರೆದಿಟ್ಟ ಮನೆಯಲ್ಲಿ ಈ ಮೋಸ ನಡೆಯುವುದಿಲ್ಲ.

ಕಾನೂನಿದೆ, ಕಾಗದವಿಲ್ಲ

ವಯರಿಂಗಿನ ಕೆಲಸ ಯಾರು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿಯೇ ಇದು ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದ ಹಾಗೆಯೇ ಬದಲಿಸುವುದಕ್ಕೆ ಅಡ್ಡಿಯಿಲ್ಲ. ಇದ್ದ ವಯರಿಂಗಿಗೆ ಹೊಸದನ್ನು ಸೇರಿಸುವುದು, ಅದರ ಸಾಮರ್ಥ್ಯವನ್ನು ಬದಲಿಸುವುದು ಲೈಸೆನ್ಸ್ ಇರುವ ಗುತ್ತಿಗೆದಾರರ, ಪರ್ಮಿಟ್ ಇರುವ ವಯರ್‌ಮನ್ನರ ಕೆಲಸ. ನಮ್ಮಲ್ಲಿ ಆ ಪರ್ಮಿಟ್ ಕೊಡುವುದು ಕೇರಳ ರಾಜ್ಯ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡ್. ಹಾಗಾದರೆ ಒಂದು ಪ್ಲಗ್ ಪಾಯಿಂಟ್ ಕೂಡಾ ಕಾನೂನಿನ ಕಣ್ಣಿಗೆ ಸಣ್ಣ ಕೆಲಸವಲ್ಲ.

ಕೊರತೆ ಇರುವುದು ಬೇರೆ ಕಡೆ. ಮನೆಗೆ ಮೊದಲ ಸಲ ಕರೆಂಟು ತೆಗೆಯುವಾಗ ವಿದ್ಯುತ್ ಮಂಡಳಿಯ (ಕೆ.ಎಸ್.ಇ.ಬಿ.) ಸೆಕ್ಷನ್ ಆಫೀಸಿಗೆ ವಯರಿಂಗ್ ಮುಗಿದ ವರದಿ ಕೊಡುತ್ತೇವೆ. ಆ ದಿನಕ್ಕೆ ಮನೆಯ ವಯರಿಂಗಿನ ಜಾತಕ ನಿಂತುಹೋಗುತ್ತದೆ. ಅದರ ನಂತರ ಸೇರಿದ ಪಾಯಿಂಟುಗಳಿಗೆ ಹೆಚ್ಚಿನ ಮನೆಗಳಲ್ಲಿ ಯಾವ ದಾಖಲೆಯೂ ಇರುವುದಿಲ್ಲ. ಮನೆ ಮಾರಾಟವಾಗುತ್ತದೆ, ಬಾಡಿಗೆದಾರರು ಬದಲಾಗುತ್ತಾರೆ, ವಯರ್‌ಮನ್ ತೀರಿಹೋಗುತ್ತಾನೆ. ಗೋಡೆಯೊಳಗಿನದ್ದು ಯಾರಿಗೂ ತಿಳಿಯದ ಸಂಗತಿಯಾಗಿ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಈ ಕೊರತೆಯನ್ನು ತುಂಬಿದ ಬಗೆ ನನಗೆ ಬಹಳ ಹಿಡಿಸಿದೆ. ಅಲ್ಲಿ ಇರುವ ಸರ್ಕ್ಯೂಟಿಗೆ ಒಂದು ಸಾಕೆಟ್ ಸೇರಿಸಿದರೂ ಕೆಲಸ ಮಾಡಿದವನು ಸಣ್ಣ ಕೆಲಸದ ಪ್ರಮಾಣಪತ್ರವೆಂದು ಒಂದು ಹಾಳೆ ಬರೆದು ಮನೆಯವರಿಗೆ ಕೊಡುವುದು ಕ್ರಮ. ಯಾವ ಲೈನಿನಿಂದ ತೆಗೆದದ್ದು, ಅದಕ್ಕೆ ಯಾವ ರಕ್ಷಣೆ ಇದೆ, ಪರೀಕ್ಷೆಯಲ್ಲಿ ಏನು ಬಂತು, ಮಾಡಿದವರು ಯಾರು, ಎಲ್ಲವೂ ಅದರಲ್ಲಿರುತ್ತದೆ. ಇದನ್ನು ನಾವು ಮಾಡಲಾರೆವೇ? ಅಕ್ಷರಸ್ಥರ ಜಿಲ್ಲೆ ನಮ್ಮದು. ಸೊಸೈಟಿಗೆ ಹಾಕಿದ ಹಾಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆಸಿಕೊಳ್ಳುವ ನಾವು ಜೀವದ ಲೆಕ್ಕವನ್ನು ಬಾಯಿಮಾತಿಗೆ ಬಿಟ್ಟಿದ್ದೇವೆ.

ಖರ್ಚಿನ ಮಾತು ಬರುತ್ತದೆಂದು ಗೊತ್ತು. ಪ್ರತ್ಯೇಕ ಲೈನು, ಆರ್.ಸಿ.ಸಿ.ಬಿ., ಒಂದು ದಿನದ ಸಂಬಳ ಎಲ್ಲ ಸೇರಿದರೆ ಬಡವರಿಗೆ ಹೊರೆ ಎಂಬುದು ನಿಜ. ಕೂಲಿ ಕೆಲಸದವರ ಮನೆಗಳಲ್ಲಿ ನಾನೂ ಕೆಲಸ ಮಾಡಿದ್ದೇನೆ. ಹಾಗಾಗಿಯೇ ಪಂಚಾಯತು, ನಗರಸಭೆಗಳು ಮನೆ ರಿಪೇರಿಗೆ ಕೊಡುವ ಸಹಾಯಧನದಲ್ಲಿ ಆರ್.ಸಿ.ಸಿ.ಬಿ.ಯನ್ನೂ ಅರ್ಥ್ ಹೊಂಡವನ್ನೂ ಸೇರಿಸಬೇಕೆಂದು ನಾನು ಕೇಳುತ್ತೇನೆ. ಮಾಡು ಸೋರದ ಹಾಗೆ ನೋಡಿಕೊಳ್ಳುವಷ್ಟೇ ಮುಖ್ಯ, ಮನೆಯಲ್ಲಿ ಕರೆಂಟು ಸೋರದ ಹಾಗೆ ನೋಡಿಕೊಳ್ಳುವುದು. ಕಾಗದ ಬರೆದಿಡಲಿಕ್ಕಂತೂ ಯಾರಿಗೂ ಹೊರೆಯಿಲ್ಲ.

"ನಮ್ಮ ಮನೆಗೆ ಯಾವಾಗಲೂ ಒಬ್ಬನೇ ವಯರ್‌ಮನ್ ಬರುವುದು, ಅವನಿಗೆಲ್ಲ ಗೊತ್ತು" ಎನ್ನುವವರೂ ಇದ್ದಾರೆ. ಆ ನಂಬಿಕೆಗೆ ನಾನು ತಲೆಬಾಗುತ್ತೇನೆ, ನನ್ನ ಬದುಕು ನಡೆದದ್ದೂ ಅದೇ ನಂಬಿಕೆಯ ಮೇಲೆ. ಆದರೆ ನನ್ನ ತಲೆಯಲ್ಲಿರುವ ನಿಮ್ಮ ಮನೆಯ ನಕ್ಷೆ ನನ್ನ ಜತೆಗೇ ಹೋಗಬಾರದು.

ಇನ್ನು ಭಾಷೆ. ಒಂದೇ ಬೀದಿಯಲ್ಲಿ ಮಲಯಾಳ, ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವ ಮನೆಗಳಿರುವ ಊರು ನಮ್ಮದು. ಇಲ್ಲಿನ ಕನ್ನಡಿಗರು ಸರಕಾರದ ಜತೆ ಕನ್ನಡದಲ್ಲಿ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಅವಕಾಶವಿದೆ. ಆ ಅವಕಾಶ ಅರ್ಜಿ ಬರೆಯಲಿಕ್ಕೆ ಮಾತ್ರ ಸೀಮಿತವಾಗಬಾರದು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ವಿದ್ಯುತ್ ಸುರಕ್ಷತೆಯ ಸೂಚನೆಗಳು, ವಯರಿಂಗ್ ವರದಿಯ ಫಾರಂ, ಮೆಯಿನ್ ಬೋರ್ಡಿಗೆ ಅಂಟಿಸುವ ನಕ್ಷೆಯ ಮಾದರಿ ಕನ್ನಡದಲ್ಲೂ ಸಿಗಬೇಕು. ಹಗಲು ಹೊತ್ತು ಮನೆಯಲ್ಲಿರುವುದು ಹೆಚ್ಚಾಗಿ ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿ, ಅತ್ತೆ, ಅಮ್ಮಂದಿರು. ಮಗುವಿಗೆ ಶಾಕ್ ಹೊಡೆದಾಗ ಯಾವ ಸ್ವಿಚ್ ಇಳಿಸಬೇಕೆಂದು ಓದಿ ತಿಳಿಯಬೇಕಾದವರು ಅವರು.

ಆ ಕಾಗದದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಮೇಲೆ, ಮೆಯಿನ್ ಸ್ವಿಚ್ ಯಾವುದು, ಇನ್ವರ್ಟರಿನ ಸ್ವಿಚ್ ಎಲ್ಲಿದೆ. ಅದರ ಕೆಳಗೆ ಎಂ.ಸಿ.ಬಿ.ಗಳನ್ನು ಎಡದಿಂದ ಬಲಕ್ಕೆ ಒಂದು, ಎರಡು, ಮೂರು ಎಂದು ಬರೆದು, ಒಂದೊಂದರ ಎದುರು ಅದು ಎಷ್ಟು ಆಂಪಿಯರಿನದು, ಯಾವ ಕೋಣೆ, ಯಾವ ಪ್ಲಗ್ಗು. ಅರ್ಥ್ ಹೊಂಡ ಎಲ್ಲಿದೆ, ಆರ್.ಸಿ.ಸಿ.ಬಿ. ಯಾವಾಗ ಒತ್ತಿ ನೋಡಿದ್ದು. ಕೊನೆಯಲ್ಲಿ ಖಾಲಿ ಜಾಗ: ಹೊಸ ಪಾಯಿಂಟ್ ಹಾಕಿದ ತಾರೀಕು, ಯಾವ ಲೈನಿನಿಂದ, ಯಾವ ಅಳತೆಯ ವಯರು, ಹಾಕಿದವರ ಹೆಸರು ಮತ್ತು ಪರ್ಮಿಟ್ ನಂಬರು. ಕೆಲಸ ಮಾಡಿದವನು ಅಲ್ಲಿ ಸಹಿ ಹಾಕದೆ ಸಂಬಳ ಕೊಡಬೇಡಿ. ಸಹಿ ಹಾಕಬೇಕೆಂದು ಗೊತ್ತಿದ್ದರೆ ಮೂರು ವಯರು ಎಳೆಯಬೇಕಾದಲ್ಲಿ ಎರಡೇ ಎಳೆದು ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ.

ಜೂನ್ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ಮನೆಯಲ್ಲಿ ಇಬ್ಬರಿದ್ದರೆ ಸಾಕು: ಒಬ್ಬರು ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಇಳಿಸುವುದು, ಇನ್ನೊಬ್ಬರು ಕೋಣೆ ಕೋಣೆಗೆ ಹೋಗಿ ಯಾವುದು ಆರಿತು ಎಂದು ಕೂಗಿ ಹೇಳುವುದು. ಇದಕ್ಕೆ ಬೋರ್ಡು ಬಿಚ್ಚಬೇಕಾಗಿಲ್ಲ, ನಮ್ಮನ್ನು ಕರೆಯಬೇಕಾಗಿಯೂ ಇಲ್ಲ. ಬರೆದು ಮುಗಿದಾಗ ಒಂದೇ ಎಂ.ಸಿ.ಬಿ.ಯಲ್ಲಿ ಅರ್ಧ ಮನೆ ಆರಿದ್ದು ಕಂಡರೆ, ಆಗ ನಮ್ಮಲ್ಲಿ ಪರ್ಮಿಟ್ ಇರುವ ಒಬ್ಬರನ್ನು ಕರೆಯಿರಿ. ಹೊಸ ಪಾಯಿಂಟಿನ ಮಾತನ್ನು ಆ ಹಾಳೆಯನ್ನು ಮುಂದಿಟ್ಟುಕೊಂಡೇ ಆಡೋಣ.